ಎಡಗಡೆಯ ಬೋಲ್ಟು

ಜೂನ್ 3, ಮಂಗಳವಾರ. ಬೆಳಗ್ಗೆ, ರೈಲ್ವೆ ಗೇಟಿನ ಹತ್ತಿರ

ಗೇಟು ಹಾಕಿದ್ದಾರೆ. ಗೂಡ್ಸ್ ಗಾಡಿ ಇರಬೇಕು, ಸುಳಿವೇ ಇಲ್ಲ. ಬರೆಯಲು ಪುರುಸೊತ್ತು ಸಿಕ್ಕಿತು.

ಇವತ್ತೂ ವ್ಯಾನಿನಲ್ಲಿ ಅದೇ ಸದ್ದು. ಟಕ್. ಹಾಲಿನ ಡೈರಿಯ ತಿರುವಿನಲ್ಲಿ ಒಂದು ಸಲ, ಶಾಲೆ ಮುಂದಿನ ಹಂಪ್ ಮೇಲೆ ಇನ್ನೊಂದು ಸಲ. ಮುಂದೆ, ಎಡಗಡೆ, ನನ್ನ ಪಕ್ಕ ಕೂತ ಅಜ್ಜಿಯ ಕಾಲ ಕೆಳಗೆ. ಹಿಂದೆ ಕೂತ ಆರು ಜನರಿಗೆ ಕೇಳಿಸಿಲ್ಲ — ಅವರವರ ಮಂಡಿ, ಸೊಂಟದ ಸುದ್ದಿಯಲ್ಲೇ ಮುಳುಗಿದ್ದಾರೆ. ಮುಂದಿನ ಸೀಟಿನ ಟೆಲಿಫೋನ್ ಅಜ್ಜಿಯ ಕಿವಿಯನ್ನು ಮಾತ್ರ ತಪ್ಪಿಸಲು ಆಗದು. ಆಯಸ್ಸೆಲ್ಲ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಳೆದವರು.

"ಏನಮ್ಮಾ ಡ್ರೈವರಮ್ಮ, ನಿನ್ನ ಗಾಡಿಗೂ ಮಂಡಿ ಹೋಗಿದೆ. ಇದನ್ನೂ ನಮ್ ಜೊತೆ ಒಳಗೆ ಕರ್ಕೊಂಡ್ ಬಾ, ಕರೆಂಟ್ ಕೊಡ್ತಾರೆ."

ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುತ್ತಲೇ ಕನ್ನಡಿಯಲ್ಲಿ ಹಿಂದಿನವರನ್ನು ನೋಡಿದೆ. ಫಿಸಿಯೋಥೆರಪಿ ಸೆಂಟರಿಗೆ ಹೊರಟವರು, ಒಬ್ಬರಿಗೂ ನೆಟ್ಟಗೆ ನಡೆಯಲು ಆಗದು. ಗಾಡಿಗೆ ಏನಾದರೂ ಆದರೆ ಹಾರಿಕೊಳ್ಳುವ ಕಾಲು ಈ ವ್ಯಾನಿನಲ್ಲಿ ನನ್ನವೆರಡೇ.

ಮನೆಯಲ್ಲಿ ಇವರಿಗೆ ಹೇಳಬೇಕು. ಗಂಡ ಮೆಕ್ಯಾನಿಕ್, ಹೆಂಡತಿಯ ಗಾಡಿ ಟಕ್ ಟಕ್. ಚೆನ್ನಾಗಿದೆ.

ಬಂತು ರೈಲು.

ಅದೇ ದಿನ, ಸಂಜೆ

ಹೇಳಿದೆ. "ಗಾಡಿಯಲ್ಲ, ರೋಡು" ಅಂದರು. ಟೀ ಕುಡಿದರು. ನಾನು ಪಾತ್ರೆ ತೊಳೆಯುತ್ತಿದ್ದಾಗ ಮೆಲ್ಲಗೆ ಅಂಗಳಕ್ಕೆ ಹೋಗಿ ಮುಂದಿನ ಎಡಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದರು. ಕಿಟಕಿಯಿಂದ ನೋಡಿದೆ. ಆಮೇಲೆ ಹಾಗೇ ಕೂತುಬಿಟ್ಟರು, ಕೈ ಚಕ್ರದ ಮೇಲೇ.

ಒಳಗೆ ಬಂದು, "ಲೋವರ್ ಆರ್ಮು. ಚಕ್ರಾನ ಕೆಳಗಿಂದ ಹಿಡಿದಿರುತ್ತಲ್ಲ, ಅದು. ಅದರ ರಬ್ಬರ್ ಬುಷ್ ಪುಡಿಪುಡಿ. ತುಕ್ಕು ಬೇರೆ" ಅಂದರು. "ಎರಡೂ ಕಡೇದು ಹೊಸದು ಹಾಕಿಬಿಡೋಣ. ಶನಿವಾರ ಬಿಚ್ತೀನಿ. ಅಲ್ಲೀತನಕ ನಿಧಾನಕ್ಕೆ ಓಡ್ಸು."

"ಬೇರೆ ಯಾವುದಾದ್ರೂ ಗ್ಯಾರೇಜಿಗೆ..." ಅಂದೆ.

ಮುಖ ನೋಡಿಯೇ ಬಾಯಿ ಮುಚ್ಚಿಕೊಂಡೆ.

ಜೂನ್ 4, ಬುಧವಾರ. ಸೆಂಟರಿನ ಅಂಗಳ

ಒಳಗೆ ಎಲ್ಲರ ಕೈಕಾಲು ಆಡಿಸುತ್ತಿದ್ದಾರೆ. ಅಷ್ಟು ಹೊತ್ತು ಈ ಸೀಟು, ಈ ಡೈರಿ, ನಾನು.

ಇನ್ನೆಲ್ಲೂ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತೇನೆ. ಇವರ ಬೆರಳಿಗೆ ಸ್ಪರ್ಶ ಹೋಗುತ್ತಿದೆ. ಸಕ್ಕರೆ ಕಾಯಿಲೆ ನರ ತಿಂದಿದೆ ಅಂದರು ಡಾಕ್ಟರು. ಇವರು ಹೊರಗೆ ಬಂದು, "ಅವರಿಗೇನು, ಬಾಯಿಗೆ ಬಂದದ್ದು ಹೇಳ್ತಾರೆ" ಅಂದರು. ಸ್ವಲ್ಪ ದಿನದಲ್ಲೇ ಗ್ಯಾರೇಜ್ ಮುಚ್ಚಿದರು. ಯಾಕೆ ಅಂದವರಿಗೆಲ್ಲ "ಬೇಜಾರಾಯ್ತು" ಅಂತ ಒಂದೇ ಉತ್ತರ. ಬೇಜಾರಾಗುವ ಆಸಾಮಿಯೇ ಇವರು? ಮದುವೆಯಾದ ವಾರವೇ ನನ್ನನ್ನು ಕೂರಿಸಿಕೊಂಡು ಕಾರ್ಬುರೇಟರ್ ಬಿಚ್ಚಿ ತೋರಿಸಿದವರು.

ಬೆಳಗ್ಗೆ ಅಂಗಿಯ ಗುಂಡಿ ನಾನು ಹಾಕುತ್ತೇನೆ, ಕಾಲರ್ ಸರಿಮಾಡುವ ನೆಪದಲ್ಲಿ. ಕುದಿಯುವ ಟೀ ಲೋಟವನ್ನು ತಣ್ಣೀರಿನ ಲೋಟದ ಹಾಗೆ ಹಿಡಿಯುತ್ತಾರೆ. ಕಾಲಿಗೂ ಅಷ್ಟೇ. ಹೋದ ತಿಂಗಳು ದಾರಿಯಲ್ಲಿ ಒಂದು ಚಪ್ಪಲಿ ಜಾರಿಹೋದದ್ದು ಗೊತ್ತೇ ಆಗದೆ ಮನೆತನಕ ನಡೆದು ಬಂದರು. ನಾನು ಹೋಗಿ ಹುಡುಕಿ ತಂದು ಬಾಗಿಲಲ್ಲಿ ಜೋಡಿ ಮಾಡಿಟ್ಟೆ.

ಈಗ ಇವರ ಕೈಗೆ ಉಳಿದಿರುವ ಕೆಲಸ ಈ ವ್ಯಾನ್ ಒಂದೇ. ಆ ಕೈಯನ್ನು ನಂಬಿ ಏಳು ಜನರನ್ನು ಕೂರಿಸಿಕೊಂಡು ಹೋಗಬೇಕಾದವಳು ನಾನು. ಹೆದರಿಕೆಯಾಗುತ್ತದೆ. ಹೇಳುವುದಕ್ಕೂ ಹೆದರಿಕೆಯೇ.

ಜೂನ್ 7, ಶನಿವಾರ. ಸಂಜೆ

ಮೈಯೆಲ್ಲ ಎಣ್ಣೆ. ಬೆನ್ನು ನನ್ನದಲ್ಲ ಅನ್ನಿಸುತ್ತಿದೆ. ಆದರೂ ಬರೆದುಬಿಡುತ್ತೇನೆ.

ಪಾರ್ಟ್ಸ್ ಅಂಗಡಿಯವರು ಬೆಳಗ್ಗೆ ತಾವೇ ಸಾಮಾನು ತಂದುಕೊಟ್ಟರು. ಗ್ಯಾರೇಜಿದ್ದ ಕಾಲದ ಸ್ನೇಹ. ಎರಡು ಹೊಸ ಆರ್ಮ್, ಹೊಸ ಬೋಲ್ಟುಗಳು. ಜೊತೆಗೆ ಉದ್ದನೆಯ ಪೆಟ್ಟಿಗೆಯಲ್ಲಿ ಒಂದು ಟಾರ್ಕ್ ಸ್ಪ್ಯಾನರ್. ಎಷ್ಟು ಬಿಗಿ ಬೇಕೋ ಅಷ್ಟಕ್ಕೆ ಮೊದಲೇ ತಿರುಗಿಸಿಟ್ಟರೆ, ಅಲ್ಲಿಗೆ ಬಂದ ತಕ್ಷಣ 'ಕಟಕ್' ಅನ್ನುತ್ತದಂತೆ.

"ಇಟ್ಕೊಂಡಿರಿ. ಆಮೇಲೆ ಕೊಟ್ರಾಯ್ತು" ಅಂದರು.

"ಅದು ಕೈ ಪಳಗದೇ ಇರೋರಿಗೆ" ಅಂದರು ಇವರು. "ನನ್ನ ಮಣಿಕಟ್ಟಿಗೇ ಗೊತ್ತಾಗುತ್ತೆ."

ಅಂಗಡಿಯವರು ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಪೆಟ್ಟಿಗೆ ಬಂದ ದಾರಿಯಲ್ಲೇ ವಾಪಸ್ ಹೋಯಿತು.

ಗಾಡಿಯನ್ನು ಅಂಗಳದ ನಡುವೆ ನಿಲ್ಲಿಸಿ, ಜಾಕ್ ಕೊಟ್ಟು, ಸ್ಟ್ಯಾಂಡ್ ಇಟ್ಟು, ಚಕ್ರ ತೆಗೆದು, ಕೆಳಗೆ ಮಲಗಿದರು. ನಾನು ಟಾರ್ಚು. ಹಳೇ ಬೋಲ್ಟು ಜಪ್ಪಯ್ಯ ಅನ್ನಲಿಲ್ಲ. ಎಣ್ಣೆ ಬಿಟ್ಟರು. ಸುತ್ತಿಗೆಯಲ್ಲಿ ಬಡಿದರು. ಬೆಂಕಿ ತೋರಿಸಿದರು. ಬೋಲ್ಟಿನ ವಂಶವನ್ನೆಲ್ಲ ಬೈದರು. ಕೊನೆಗೆ ಗರಗಸ. ತುಕ್ಕು ಪುಡಿಯಾಗಿ ಮುಖದ ಮೇಲೆ ಉದುರುತ್ತಿತ್ತು, ಕಣ್ಣು ಕಿರಿದು ಮಾಡಿಕೊಂಡು ಕುಯ್ಯುತ್ತಲೇ ಇದ್ದರು. ಆರ್ಮ್ ಈಚೆ ಬಂದಾಗ ಅದರ ಬುಷ್‌ನ ರಬ್ಬರು ಸೀದುಹೋದ ಬ್ರೆಡ್ಡಿನ ಹಾಗೆ ಕೈಯಲ್ಲೇ ಮುರಿಯಿತು.

ಹೊಸ ಆರ್ಮ್ ಕೂರುವ ಜಾಗದ ತುಕ್ಕನ್ನೆಲ್ಲ ಕೆರೆದರು. ಸುತ್ತಿಗೆಯಿಂದ ಬಡಿದು ಬಡಿದು ಸದ್ದು ಕೇಳಿ, "ಇಲ್ಲಿ ಗಟ್ಟಿಯಿದೆ. ಮೈ ಮಾತ್ರ ತುಕ್ಕು, ಮೂಳೆ ಹೋಗಿಲ್ಲ" ಅಂದರು. ಶಿಳ್ಳೆ ಹಾಕಿದರು! ಗ್ಯಾರೇಜ್ ಮುಚ್ಚಿದ ಮೇಲೆ ಇದೇ ಮೊದಲು. ಕೇಳಿ ಸಂತೋಷವಾಯಿತು. ಸುಳ್ಳು ಹೇಳಬಾರದು, ಬಹಳ ಸಂತೋಷವಾಯಿತು.

ಚಕ್ರ ಹಾಕಿ ಗಾಡಿಯನ್ನು ನೆಲಕ್ಕಿಳಿಸಿದ ಮೇಲೆ ಮತ್ತೆ ಕೆಳಗೆ ನುಸುಳಿದರು. ಯಾಕೆ ಅಂದೆ. "ಗಾಡಿ ತನ್ನ ಭಾರ ತಾನು ಹೊತ್ಕೊಂಡ ಮೇಲೇ ಕೊನೇ ಬಿಗಿ. ಗಾಳೀಲಿ ನೇತಾಡ್ತಿರುವಾಗಲೇ ಬಿಗಿ ಮಾಡಿದ್ರೆ ರಬ್ಬರ್ ತಿರುಚ್ಕೊಂಡು ಹರಿದುಹೋಗುತ್ತೆ." ಕಣ್ಣು ಮುಚ್ಚಿಕೊಂಡರು. ಸ್ಪ್ಯಾನರ್ ಎಳೆದರು. ಒಂದು ಸಲ ನಿಲ್ಲಿಸಿ, ಇನ್ನೂ ಒಂಚೂರು ಎಳೆದು, "ಹಾಂ. ಸಾಕು."

ಎಲ್ಲ ಮುಗಿಯುವ ಹೊತ್ತಿಗೆ, ಬಲಗಡೆಯ ಕೊನೆಯ ನಟ್ಟಿನಲ್ಲಿ, ಸ್ಪ್ಯಾನರ್ ಜಾರಿತು. ಶಿಳ್ಳೆ ನಿಲ್ಲಲಿಲ್ಲ. ಟಾರ್ಚು ಹಿಡಿದ ನನಗೆ ಕಂಡಿತು — ತೋರುಬೆರಳಿನಿಂದ ರಕ್ತ ತೊಟ್ಟಿಕ್ಕುತ್ತಿದೆ.

"ರೀ, ಕೈ."

"ಏನ್ ಕೈ?"

ನೋಡಿಕೊಂಡರು. ಶಿಳ್ಳೆ ನಿಂತಿತು. "ಗ್ರೀಸಲ್ಲಿ ಗೊತ್ತಾಗ್ಲಿಲ್ಲ" ಅಂದರು. ಬಟ್ಟೆ ಕಟ್ಟಿದೆ. ಗಾಯ ಆಳವಾಗಿತ್ತು. ನೋವೇ ಇಲ್ಲದವರ ಹಾಗೆ ಬೇರೆಲ್ಲೋ ನೋಡುತ್ತಾ ಕೈ ಕೊಟ್ಟು ಕೂತಿದ್ದರು. ನೋವು ಇರಲೂ ಇಲ್ಲ, ಅದೇ ತಾನೇ ಕಷ್ಟ.

ಬೆರಳು ಕೊಯ್ದದ್ದೇ ಗೊತ್ತಾಗದ ಕೈಗೆ ಬೋಲ್ಟಿನ ಬಿಗಿ ಗೊತ್ತಾಗುತ್ತದೆಯೆ?

ಜೂನ್ 9, ಸೋಮವಾರ. ಸೆಂಟರಿನ ಅಂಗಳ

ಸದ್ದಿಲ್ಲ. ತಿರುವಿನಲ್ಲಿಲ್ಲ, ಹಂಪ್ ಮೇಲಿಲ್ಲ, ಹಳಿ ದಾಟುವಾಗಲೂ ಇಲ್ಲ. ಟೆಲಿಫೋನ್ ಅಜ್ಜಿ, "ಲೈನ್ ಕ್ಲಿಯರ್. ನಿನ್ನ ಗಂಡನಿಗೆ ನನ್ನ ಕಡೆಯಿಂದ ಶಹಬ್ಬಾಸ್ ಹೇಳು" ಅಂದರು.

ನನ್ನ ಮನಸ್ಸು ಮಾತ್ರ ಕೇಳುವುದಿಲ್ಲ. ಸದ್ದಿದ್ದಾಗ ಎಲ್ಲಿ ಕೆಟ್ಟಿದೆ ಎಂದಾದರೂ ಗೊತ್ತಿತ್ತು. ಈಗ ಪ್ರತಿ ತಿರುವಿನಲ್ಲೂ ಆ ಬೆರಳೇ ಕಣ್ಣ ಮುಂದೆ ಬರುತ್ತದೆ.

ಶಹಬ್ಬಾಸ್ ಹೇಳಬೇಕು. ಹೇಳುತ್ತೇನೆ.

ಜೂನ್ 10, ಮಂಗಳವಾರ. ಬೆಳಗ್ಗೆ

ಮಾಡಿಬಿಟ್ಟೆ.

ಇವರು ಏಳುವ ಮುಂಚೆ ಪೊರಕೆ ಹಿಡಿದು ಅಂಗಳಕ್ಕೆ ಹೋದೆ. ಪೊರಕೆ ಗೋಡೆಗೆ ಒರಗಿಸಿ ಸ್ಪ್ಯಾನರ್ ತೆಗೆದುಕೊಂಡು ಗಾಡಿ ಕೆಳಗೆ ನುಸುಳಿದೆ. ರಾತ್ರಿ ಗಾಡಿ ನಿಲ್ಲಿಸುವುದೇ ಬಲಗಡೆ ಗೋಡೆಗೆ ಅಂಟಿಸಿ, ಆ ಕಡೆ ಕೈ ಹೋಗದು. ಸಿಕ್ಕಿದ್ದು ಎಡಗಡೆಯದೇ, ಆರ್ಮಿನ ಮುಂದಿನ ಬೋಲ್ಟು. ಎಳೆದೆ. ಜಗ್ಗಲಿಲ್ಲ. ಉಸಿರು ಕಟ್ಟಿ ಎಳೆದೆ. ಊಹೂಂ.

ಹಾಗೇ ಬಿಟ್ಟು ಬರಬಹುದಿತ್ತು. ಆದರೆ ಬಿಗಿಯಾಗಿದೆಯೋ, ನನ್ನ ಕೈಗೆ ಬಲ ಸಾಲದೋ ಹೇಗೆ ತಿಳಿಯಬೇಕು? ಹಿತ್ತಲಲ್ಲಿ ನಲ್ಲಿ ಪೈಪಿನ ತುಂಡೊಂದು ಬಿದ್ದಿತ್ತು. ತಂದು ಸ್ಪ್ಯಾನರಿನ ಹಿಡಿಗೆ ಸಿಗಿಸಿದೆ. ಕಾಲು ಕೊಟ್ಟು ಒತ್ತಿದೆ. ಕಿರ್ ಅಂತ ಒಂದಿಷ್ಟು ತಿರುಗಿತು.

ತಿರುಗಿತು! ಅಂದರೆ ಬಿಗಿ ಸಾಲದು ಅಂತ ತಾನೇ? ನಿನ್ನೆ ಏಳು ಜನರನ್ನು ಇದರ ಮೇಲೇ ಕೂರಿಸಿಕೊಂಡು ಹೋಗಿದ್ದೆ.

ಒಳಗೆ ಬಂದಾಗ ಇವರು ಹಾಸಿಗೆಯಲ್ಲಿ ಹೊರಳಿ, "ಇಷ್ಟ್ ಬೇಗ ಕಸ ಗುಡಿಸ್ತಿದ್ಯಾ?" ಅಂದರು. "ಎಲೆ ಬಿದ್ದಿತ್ತು" ಅಂದೆ. ಅಂಗಳದಲ್ಲಿ ಮರವೇ ಇಲ್ಲ. ನಿದ್ದೆಗಣ್ಣು, ಗಮನಿಸಲಿಲ್ಲ.

ಜೂನ್ 11, ಬುಧವಾರ

ಇವತ್ತೂ ಪೈಪ್ ಹಾಕಿದೆ. ಇವತ್ತೂ ಚೂರು ತಿರುಗಿತು.

ಜೂನ್ 13, ಶುಕ್ರವಾರ

ಇವತ್ತೂ. ದಿನಾ ಓಡಾಟಕ್ಕೆ ಸಡಿಲವಾಗುತ್ತಿರಬೇಕು. ಬೆಳಗ್ಗೆ ಒಂದು ಸಲ ನೋಡಿಕೊಂಡರೆ ದಿನವಿಡೀ ಸ್ವಲ್ಪ ಸಮಾಧಾನ. ಹಲ್ಲುಜ್ಜುವ ಹಾಗೆ ಇದೂ ಒಂದು ಕೆಲಸವಾಗಿಬಿಟ್ಟಿದೆ.

ಸಂಜೆ ಹಾಲು ತಂದು ಬರುವಷ್ಟರಲ್ಲಿ ಇವರ ಅಂಗಿ ತೋಳಿಗೆ ಗ್ರೀಸು. ಏನ್ರೀ ಅಂದೆ. "ಪಕ್ಕದ್ಮನೆ ಸೈಕಲ್ ಚೈನ್ ಬಿದ್ದಿತ್ತು. ಹಾಕ್ಕೊಟ್ಟೆ." ಒಳ್ಳೆಯದಾಯಿತು, ಕೈಗೆ ಏನೋ ಒಂದು ಕೆಲಸ ಸಿಕ್ಕಿತಲ್ಲ. ಅಂಗಿ ನೆನೆಹಾಕಿದೆ.

ಜೂನ್ 17, ಮಂಗಳವಾರ. ಬೆಳಗ್ಗೆ

ಇವತ್ತು ಪೈಪೇ ಬೇಕಾಗಲಿಲ್ಲ. ಕೈಯಲ್ಲೇ ತಿರುಗಿತು. ಸಲೀಸಾಗಿ. ಬಾಟಲಿಯ ಮುಚ್ಚಳ ತಿರುಗಿದ ಹಾಗೆ.

ಇಷ್ಟು ಸಡಿಲವೇ? ಒಂದು ದಿನದಲ್ಲಿ? ಇನ್ನೂ ತಿರುಗಿಸಿದೆ, ಎಲ್ಲಿಯೂ ಗಟ್ಟಿಯಾಗಿ ನಿಲ್ಲಲಿಲ್ಲ... ಹೆದರಿ ಬಿಟ್ಟೆ.

ಅಂಗಡಿಯವರಿಗೆ ಹೇಳೋಣವೆಂದರೆ ಅವರು ಇವರಿಗೆ ಹೇಳದೆ ಇರುವುದಿಲ್ಲ. ಇವರಿಗೇ ಹೇಳಬೇಕು. ಏನಂತ? ನಿಮ್ಮ ಕೈ ಸತ್ತಿದೆ, ಹಿಂದಿನಿಂದ ನಾನು ತಿದ್ದುತ್ತಿದ್ದೇನೆ ಅಂತಲೆ?

ನಾಳೆ ಹೇಳುತ್ತೇನೆ. ಅಲ್ಲಿಯತನಕ ನಿಧಾನಕ್ಕೆ ಓಡಿಸಬೇಕು.

ಜೂನ್ 20, ಶುಕ್ರವಾರ. ಮಧ್ಯಾಹ್ನ

ಅಕ್ಷರ ನೆಟ್ಟಗೆ ಬರುತ್ತಿಲ್ಲ.

ಎಲ್ಲರೂ ಬದುಕಿದ್ದಾರೆ. ಮೊದಲು ಅದನ್ನು ಬರೆದುಬಿಡುತ್ತೇನೆ. ಯಾರಿಗೂ ತರಚಿದ ಗಾಯವೂ ಇಲ್ಲ.

ಗೇಟಿಗೆ ಹತ್ತು ಮಾರು ಇರುವಾಗ ಕೆಂಪು ಲೈಟ್ ಬಂತು. ಗೇಟು ಇಳಿಯತೊಡಗಿತು. ಮುಂದಿನ ಕಾರಿನವನು ನುಗ್ಗಿದ. "ನೀನೂ ನುಗ್ಗಮ್ಮ, ತಡವಾಯ್ತು" ಅಂದರು ಟೆಲಿಫೋನ್ ಅಜ್ಜಿ. ನಾನು ಬ್ರೇಕ್ ಒತ್ತಿದೆ.

ಢಂ ಅಂತು. ಎಡಗಡೆ ಕುಸಿಯಿತು. ಸ್ಟಿಯರಿಂಗ್ ಕೈಯಿಂದ ಕಿತ್ತುಕೊಂಡು ಹೋಯಿತು, ಗಾಡಿ ತಾನೇ ಎಡಕ್ಕೆ ಎಳೆದುಕೊಂಡು ಹೋಗಿ ರಸ್ತೆ ಬದಿಯ ಮಣ್ಣಿನ ದಿಬ್ಬಕ್ಕೆ ಮೂತಿ ಇಟ್ಟು ನಿಂತಿತು. ಹಿಂದೆ ಯಾರೋ ಕಿರುಚಿದರು. ಆಮೇಲೆ ಎಲ್ಲ ಸದ್ದನ್ನೂ ನುಂಗಿಕೊಂಡು ರೈಲು ಹೋಯಿತು. ಬೋಗಿ ಮೇಲೆ ಬೋಗಿ, ಮುಗಿಯುವುದೇ ಇಲ್ಲ ಅನ್ನಿಸಿತು.

ರೈಲು ಹೋದ ಮೇಲೆ ಅಜ್ಜಿ ಸಣ್ಣ ದನಿಯಲ್ಲಿ, "ಲೈನ್ ಕಟ್ಟಾಯ್ತು" ಅಂದರು. ಯಾರೂ ನಗಲಿಲ್ಲ. ನನ್ನ ಕೈ ಹಿಡಿದುಕೊಂಡರು.

ಗೇಟು ತೆರೆದಿದ್ದಿದ್ದರೆ... ಹಳಿಯ ಮೇಲೆ... ಈ ವಾಕ್ಯ ಮುಗಿಸಲಾರೆ.

ಅಂಗಡಿಯವರ ಜೀಪಿನಲ್ಲಿ ಇವರು ಬಂದರು. ಗಾಡಿ ಕೆಳಗೆ ಬಗ್ಗಿ ನೋಡಿದರು. ಎಡಗಡೆಯ ಮುಂದಿನ ಬೋಲ್ಟು ಎರಡು ತುಂಡು. ಆರ್ಮ್ ಕಳಚಿ, ಚಕ್ರ ಹಿಂದಕ್ಕೆ ಮಡಚಿಕೊಂಡಿತ್ತು. ತುಂಡುಗಳನ್ನು ಕರ್ಚೀಫಿನಲ್ಲಿ ಸುತ್ತಿ ಜೇಬಿಗಿಟ್ಟರು. ಆಮೇಲೆ ಗೇಟಿನ ಪಕ್ಕದ ಕಲ್ಲುಬೆಂಚಿನಲ್ಲಿ ಕೂತಿದ್ದ ಏಳೂ ಜನರ ಹತ್ತಿರ ಹೋಗಿ, ಒಬ್ಬೊಬ್ಬರ ಮುಂದೆಯೂ ನಿಂತು, "ತಪ್ಪಾಯ್ತು" ಅಂದರು.

ನಾನು ಪಕ್ಕದಲ್ಲೇ ನಿಂತಿದ್ದೆ.

ಜೂನ್ 22, ಭಾನುವಾರ

ಇವತ್ತು ಊಟದ ಮೇಜಿನ ಮೇಲೆ ಕರ್ಚೀಫ್ ಬಿಚ್ಚಿದರು.

"ನೋಡು. ನಡು ಹೇಗೆ ಸಣ್ಣಗಾಗಿದೆ. ತುಕ್ಕಿನಿಂದ ಮುರಿದಿದ್ದಲ್ಲ ಇದು. ಬಿಗಿ ಜಾಸ್ತಿಯಾಗಿ ಮುರಿದಿದ್ದು."

ನೋಡಿದೆ. ಬೆಚ್ಚಗಿನ ಮೇಣ ಎಳೆದ ಹಾಗೆ ಮಧ್ಯದಲ್ಲಿ ಸಪೂರವಾಗಿತ್ತು.

"ಬೋಲ್ಟು ಒಂದು ಹದದ ತನಕ ಬಿಗಿಯಾಗುತ್ತೆ. ಹದ ಮೀರಿದ ಮೇಲೆ ಬಿಗಿಯಾಗಲ್ಲ, ಉದ್ದ ಆಗುತ್ತೆ. ಆಗ ಸಲೀಸಾಗಿ ತಿರುಗುತ್ತೆ. ನಾವು ಸಡಿಲ ಇದೆ ಅಂದ್ಕೊಂಡು ಇನ್ನೂ ತಿರುಗಿಸ್ತೀವಿ."

ಮಂಗಳವಾರದ ಬಾಟಲಿ ಮುಚ್ಚಳ ನೆನಪಾಯಿತು.

"ನಾನೇ ಮಾಡಿದ್ದು" ಅಂದರು. "ಅವತ್ತು ಬೆರಳು ಕೊಯ್ತಲ್ಲ. ಅದು ಗೊತ್ತಾಗಲಿಲ್ವಲ್ಲ ನನಗೆ. ಆಮೇಲೆ ಕೈ ಮೇಲೆ ನಂಬಿಕೆ ಹೋಯ್ತು. ಹಾಗೂ ಹೀಗೂ ತಡ್ಕೊಂಡೆ. ಬುಧವಾರ ತಡ್ಕೊಳ್ಳೋಕೆ ಆಗಲೇ ಇಲ್ಲ. ಅವತ್ತಿಂದ ದಿನಾ ಸಂಜೆ, ನೀನು ಹಾ‍ಲಿಗೆ ಹೋದಾಗ, ಕೆಳಗೆ ಹೋಗಿ ಒಂದ್ ಚೂರು ತಿರುಗಿಸಿ ಬರ್ತಿದ್ದೆ. ಸೈಕಲ್ ಚೈನ್ ಅಲ್ಲ ಅದು."

ಸಂಜೆ ಇವರು. ಬೆಳಗ್ಗೆ ನಾನು. ಬಲಗಡೆ ಗೋಡೆ. ಇಬ್ಬರಿಗೂ ಸಿಗುತ್ತಿದ್ದದ್ದು ಅದೊಂದೇ ಬೋಲ್ಟು.

"ಚೂರು ಅಂದ್ಕೊಂಡಿದ್ದೆ" ಅಂದರು. "ಆದ್ರೆ ಚೂರು ಚೂರಿಗೆ ಇಷ್ಟು ಉದ್ದ ಆಗಲ್ಲ ಇದು. ಅಂದ್ರೆ ಚೂರು ಯಾವುದು, ಪೂರ್ತಿ ಸುತ್ತು ಯಾವುದು ಅನ್ನೋದೂ ನನ್ನ ಕೈಗೆ ತಿಳೀತಿಲ್ಲ. ಎಲ್ಲಾರನ್ನೂ ಸಾಯಿಸಿಬಿಡ್ತಿದ್ದೆ. ನಿನ್ನನ್ನೂ." ತುಂಡುಗಳನ್ನು ಮತ್ತೆ ಸುತ್ತಿದರು. "ಇನ್ನು ಸ್ಪ್ಯಾನರ್ ಮುಟ್ಟಲ್ಲ. ಗಾಡಿ ಬೇರೆ ಕಡೆ ಮಾಡಿಸು."

ಈಗ ಹೇಳು, ಈಗ ಹೇಳು ಎಂದು ಒಳಗಿನಿಂದ ಯಾರೋ ತಿವಿಯುತ್ತಿದ್ದರು. ಎದ್ದು ತಟ್ಟೆ ತೊಳೆಯಲು ಹೋದೆ.

ಜೂನ್ 24, ಮಂಗಳವಾರ

ಎಳೆದು ತಂದ ಗಾಡಿ ಅಂಗಳದಲ್ಲಿ ಸೊಟ್ಟಗೆ ನಿಂತಿದೆ. ಸೆಂಟರಿನವರು ಸದ್ಯಕ್ಕೆ ಬೇರೆ ವ್ಯಾನ್ ಇಟ್ಟಿದ್ದಾರೆ. ಟೆಲಿಫೋನ್ ಅಜ್ಜಿ ಫೋನ್ ಮಾಡಿ, ಆ ಡ್ರೈವರ್ ಬಾಯಿಯೇ ಬಿಡುವುದಿಲ್ಲ, ಶವದ ಗಾಡಿಯಲ್ಲಿ ಹೋದ ಹಾಗಾಗುತ್ತದೆ ಅಂದರು. ನಗು ಬಂತು, ಅಳುವೂ ಬಂತು.

ಇವರು ದಿನವಿಡೀ ಬಾಗಿಲಲ್ಲಿ ಕೂತು ಸ್ಪ್ಯಾನರುಗಳನ್ನು ಒರೆಸುತ್ತಾರೆ. ಒಂದೊಂದನ್ನೂ ಎಣ್ಣೆ ಬಟ್ಟೆಯಲ್ಲಿ ಒರೆಸಿ, ಸೈಜಿನ ಪ್ರಕಾರ ಪೆಟ್ಟಿಗೆಯಲ್ಲಿ ಜೋಡಿಸುತ್ತಾರೆ. ಗುರುವಾರ ಅಂಗಡಿಯವರು ಬಂದು ಪೆಟ್ಟಿಗೆ ಒಯ್ಯುತ್ತಾರಂತೆ. "ಮನೇಲಿ ಇದ್ರೆ ಕೈ ಸುಮ್ನಿರಲ್ಲ."

ನನಗೆ ಬೇಕಾದದ್ದೇ ಆಗುತ್ತಿದೆ. ಇವರು ತಾವಾಗಿಯೇ ಬಿಡುತ್ತಿದ್ದಾರೆ. ಇನ್ನು ಗಾಡಿ ಗ್ಯಾರೇಜಿಗೆ ಹೋಗುತ್ತದೆ, ನಾನು ಹೆದರದೆ ಓಡಿಸಬಹುದು. ನಾನು ಸುಮ್ಮನಿದ್ದರೆ ಸಾಕು. ಹೇಳಿದರೆ? ತಮ್ಮ ಕೈ ಪೂರ್ತಿ ಹೋಗಿಲ್ಲ ಎಂದುಕೊಂಡು ಮತ್ತೆ ಗಾಡಿ ಕೆಳಗೆ ನುಸುಳುತ್ತಾರೆ. ಬೆರಳಿಗೆ ಸ್ಪರ್ಶವಿಲ್ಲದ್ದು ಸುಳ್ಳೇನಲ್ಲವಲ್ಲ.

ಸುಮ್ಮನಿರುವುದೇ ಎಲ್ಲರಿಗೂ ಒಳ್ಳೆಯದು. ಎಷ್ಟು ಸಲ ಬರೆದರೂ ಒಳಗೆ ಒಪ್ಪುತ್ತಿಲ್ಲ. ಮಾಡದ ಅರ್ಧವನ್ನೂ ತಲೆ ಮೇಲೆ ಹೊತ್ತುಕೊಂಡು ಕೂತಿದ್ದಾರೆ ಅಲ್ಲಿ ಬಾಗಿಲಲ್ಲಿ.

ಜೂನ್ 26, ಗುರುವಾರ

ಅಂಗಿಯ ಗುಂಡಿ ಹಾಕುತ್ತಾ ಹೇಳಿಬಿಟ್ಟೆ. ಮುಖ ನೋಡಲಿಲ್ಲ. ಗುಂಡಿ ನೋಡುತ್ತಲೇ ಹೇಳಿದೆ.

"ನಾನೂ ತಿರುಗಿಸ್ತಿದ್ದೆ ರೀ. ದಿನಾ ಬೆಳಗ್ಗೆ."

"ಏನನ್ನ?"

"ಅದೇ ಬೋಲ್ಟನ್ನ."

ಎದೆಯ ಏರಿಳಿತ ಒಮ್ಮೆ ನಿಂತದ್ದು ಬೆರಳಿಗೆ ಗೊತ್ತಾಯಿತು. "ಯಾಕೆ?"

"ನಿಮ್ಮ ಕೈ ಮೇಲೆ ನನಗೂ ನಂಬಿಕೆ ಇರಲಿಲ್ಲ."

ಬೈಯಲಿ, ಹೊರಗೆ ಹೋಗಿಬಿಡಲಿ, ಏನಾದರೂ ಆಗಲಿ ಅನ್ನಿಸಿತು. ಇವರು ಮೆಲ್ಲಗೆ ಕೇಳಿದರು, ಡಾಕ್ಟರ ಮುಂದೆ ಕೇಳುವವರ ಹಾಗೆ:

"ಮೊದಲನೇ ದಿನ... ನೀನು ಯಾವತ್ತು ಶುರು ಮಾಡಿದ್ದು?"

"ಮಂಗಳವಾರ ಬೆಳಗ್ಗೆ."

"ಮಂಗಳವಾರ. ನಾನು ಶನಿವಾರ ಬಿಟ್ಟಿದ್ದು ಹಾಗೇ ಇತ್ತು ಆಗ. ಹೇಗಿತ್ತು? ಕೈಗೆ ತಿರುಗ್ತಾ?"

"ಇಲ್ಲ. ಜಗ್ಗಲೇ ಇಲ್ಲ. ಪೈಪ್ ಸಿಗಿಸಿ ಕಾಲು ಕೊಟ್ಟು ಒತ್ತಿದ ಮೇಲೆ ತಿರುಗ್ತು."

"ಪೈಪಾ?"

"ಹಿತ್ತಲಲ್ಲಿತ್ತಲ್ಲ, ನಲ್ಲಿ ಪೈಪು."

"ಎಷ್ಟುದ್ದ?"

ಎರಡೂ ಕೈ ಅಗಲಿಸಿ ತೋರಿಸಿದೆ.

"ಅಷ್ಟುದ್ದ! ಅದರ ಮೇಲೆ ಕಾಲು ಬೇರೆ! ತಲೆ ಇದೆಯೇನೇ ನಿನಗೆ? ಲಾರಿ ಬೋಲ್ಟೂ ಉಳಿಯಲ್ಲ ಕಣೇ ಅದಕ್ಕೆ! ಬಿಗಿಯಾಗಿರೋ ಬೋಲ್ಟಿಗೆ ಪೈಪ್ ಹಾಕ್ತಾರಾ? ನನ್ನ ಗ್ಯಾರೇಜಲ್ಲಿ ಯಾವನಾದ್ರೂ ಹೀಗೆ ಮಾಡಿದ್ರೆ ಅವತ್ತೇ ಮನೆಗೆ ಕಳಿಸ್ತಿದ್ದೆ!"

ಬೀದಿಗೆಲ್ಲ ಕೇಳುವ ಹಾಗೆ ಬೈದರು. ಪಕ್ಕದ ಮನೆಯ ಕಿಟಕಿ ತೆರೆಯಿತು. ಬೈಯುತ್ತಾ ಬೈಯುತ್ತಾ ದನಿ ಒಡೆಯಿತು. ಪೆಟ್ಟಿಗೆಯ ಮೇಲೆ ಕೂತುಬಿಟ್ಟರು.

"ಶನಿವಾರ ಸರಿಯಾಗೇ ಇತ್ತು ಹಾಗಾದ್ರೆ" ಅಂದರು.

"ಸರಿಯಾಗೇ ಇತ್ತು ರೀ."

ಅತ್ತರು. ನಾನೂ ಅತ್ತೆ. ಅರ್ಧ ಗುಂಡಿ ಹಾಕಿದ ಅಂಗಿಯಲ್ಲಿ ಇವರು, ಕೈ ಕಟ್ಟಿಕೊಂಡು ನಾನು. ಕಣ್ಣೊರೆಸಿಕೊಂಡ ಮೇಲೆ ಇವರೇ ಅಂದರು: "ಬೆರಳು ಕೊಯ್ದದ್ದು ಗೊತ್ತಾಗಲಿಲ್ಲ. ಅದೂ ನಿಜ. ಮಣಿಕಟ್ಟು ಇನ್ನೂ ಇದೆ, ಬೆರಳು ಹೋಗಿದೆ. ನಾಳೆ ಮಣಿಕಟ್ಟೂ ಹೋಗಬಹುದು."

ಉಳಿದ ಗುಂಡಿ ಹಾಕಿದೆ. ಈ ಸಲ ಕಾಲರಿನ ನೆಪ ಹೇಳಲಿಲ್ಲ, ಇವರೂ ಕತ್ತು ಎತ್ತಿ ನಿಂತರು.

ಅಂಗಡಿಯವರು ಪೆಟ್ಟಿಗೆ ಒಯ್ಯಲು ಬಂದಾಗ, "ಇದು ಇಲ್ಲೇ ಇರಲಿ. ಆ ಕಟಕ್ ಅನ್ನೋದು ತಗೊಂಡ್ಬಾ" ಅಂದರು.

ಜೂನ್ 28, ಶನಿವಾರ. ಸಂಜೆ

ಮೊದಲು ಅಂಗಡಿಯವರು, ಪಕ್ಕದ ಮನೆಯವರು, ನಾವು ಎಲ್ಲರೂ ಸೇರಿ ಗಾಡಿ ತಳ್ಳಿ ಗೋಡೆಯಿಂದ ದೂರ ನಿಲ್ಲಿಸಿದೆವು. ಎರಡೂ ಕಡೆ ಕೈ ಹೋಗಬೇಕಲ್ಲ.

ಎಡಗಡೆಗೆ ಮತ್ತೆ ಹೊಸ ಆರ್ಮ್. ಬೋಲ್ಟುಗಳು ಎರಡೂ ಕಡೆಗೆ ಹೊಸವೇ — ಬಲಗಡೆಯವು ಚೆನ್ನಾಗಿದ್ದರೂ ಬದಲಿಸಿದರು. ಬಿಚ್ಚುವುದು, ಕೂರಿಸುವುದು ಇವರು. ಕೊನೇ ಬಿಗಿ ನಾನು. ಇಬ್ಬರೂ ಕೆಳಗೆ, ಬೆನ್ನು ನೆಲಕ್ಕೆ, ಮುಖದ ಮೇಲೆ ಗಾಡಿ. "ಒಂದೇ ಸಮ ಎಳಿ. ಜಗ್ಗಬೇಡ. ಕಟಕ್ ಅಂದ ತಕ್ಷಣ ಬಿಡು. ಪೈಪ್ ಏನಾದ್ರೂ ಇಟ್ಕೊಂಡಿದ್ಯಾ ಹೇಗೆ, ಸೀರೆ ಒಳಗೆ?"

ಕಟಕ್ ಅಂತು. ಬಿಟ್ಟೆ. ಜೀವ ಬಂದ ಹಾಗಾಯಿತು. ಎಷ್ಟು ಬೇಗ ಅಂತು! ನಾನು ಪೈಪ್ ಇಲ್ಲದೆ ಎಳೆಯುತ್ತಿದ್ದದ್ದಕ್ಕಿಂತಲೂ ಕಡಿಮೆ.

ಆಮೇಲೆ ಬಿಳಿ ಪೇಂಟಿನ ಡಬ್ಬಿ ತರಿಸಿಕೊಂಡು, ಕಡ್ಡಿಯ ತುದಿಯಿಂದ ನಟ್ಟಿನ ಮೇಲೂ ಅದರ ಪಕ್ಕದ ಕಬ್ಬಿಣದ ಮೇಲೂ ಸೇರಿಸಿ ಒಂದು ಗೆರೆ ಎಳೆದರು. ಪ್ರತಿಯೊಂದು ನಟ್ಟಿಗೂ. ಗೆರೆ ಕೊಂಚ ವಕ್ರ, ಕಡ್ಡಿ ಎರಡು ಸಲ ಬಿತ್ತು. ನಾನು ಎತ್ತಿಕೊಟ್ಟೆ.

"ಗೆರೆಗೆ ಗೆರೆ ಕೂಡಿದ್ರೆ ಎಲ್ಲ ಸರಿಯಿದೆ ಅಂತ. ತಪ್ಪಿದ್ರೆ ಸಡಿಲ ಆಗಿದೆ ಅಂತ. ಇಲ್ಲಾ ಯಾರೋ ಕೈ ಹಾಕಿದ್ದಾರೆ ಅಂತ. ನೋಡೋದಷ್ಟೇ. ಮುಟ್ಟೋ ಹಾಗಿಲ್ಲ. ನೀನೂ, ನಾನೂ."

ಸರಿ ಅಂದೆ.

ಜೂನ್ 30, ಸೋಮವಾರ. ಬೆಳಗ್ಗೆ, ರೈಲ್ವೆ ಗೇಟಿನ ಹತ್ತಿರ

ಗೇಟು ಹಾಕಿದ್ದಾರೆ. ಬೇಕಂತಲೇ ಹಾಕಿದ ಹಾಗಿದೆ.

ಹಿಂದೆ ಐದು ಜನ. ಇಬ್ಬರನ್ನು ಮನೆಯವರು ಕಳಿಸಲಿಲ್ಲ. ತಪ್ಪೇನಿಲ್ಲ, ನಾನಾದರೂ ಕಳಿಸುತ್ತಿರಲಿಲ್ಲ. ಟೆಲಿಫೋನ್ ಅಜ್ಜಿ ತಮ್ಮ ಸೀಟನ್ನು ಇವರಿಗೆ ಬಿಟ್ಟುಕೊಟ್ಟು ಹಿಂದೆ ಕೂತಿದ್ದಾರೆ. "ಇವತ್ತೊಂದಿನ ಮಾತ್ರ ಕಣಪ್ಪ. ರೂಢಿ ಮಾಡ್ಕೋಬೇಡ."

ಬೆಳಗ್ಗೆ ಇಬ್ಬರೂ ಟಾರ್ಚ್ ಹಿಡಿದು ಗೆರೆ ನೋಡಿದೆವು. ಕೂಡಿದ್ದವು. ಮತ್ತೆ ನಾನೊಬ್ಬಳೇ ಹೋಗಿ ನೋಡಿದೆ. ಬರುವಾಗ ಇವರು ಟಾರ್ಚ್ ಹಿಡಿದು ಎದುರಿಗೆ ಬರುತ್ತಿದ್ದರು.

ಇಲ್ಲಿಯವರೆಗೆ ಸದ್ದಿಲ್ಲ. ಆದರೆ ಇಲ್ಲೇ ಅಲ್ಲವೇ ಆದದ್ದು. ದಿಬ್ಬದ ಮಣ್ಣಿನಲ್ಲಿ ನಮ್ಮ ಬಂಪರಿನ ಗುರುತು ಇನ್ನೂ ಹಾಗೇ ಇದೆ. ಅದನ್ನು ನೋಡಬಾರದೆಂದು ಡೈರಿ ತೆಗೆದೆ. ಹೆದರಿಕೆಯಾಗುತ್ತಿದೆ. ಇವರಿಗೂ. ಕಣ್ಣು ಮುಚ್ಚಿ ಕೂತಿದ್ದಾರೆ, ಬೋಲ್ಟು ಬಿಗಿ ಮಾಡುವಾಗ ಮುಚ್ಚುತ್ತಿದ್ದ ಹಾಗೆ. ಒಂದು ಕೈ ನನ್ನ ಮಂಡಿಯ ಮೇಲಿದೆ. ಮಂಡಿ ಚಿಪ್ಪು ಪುಡಿಯಾಗುವ ಹಾಗೆ ಹಿಡಿದಿದ್ದಾರೆ, ಅದು ಇವರಿಗೆ ಗೊತ್ತಿಲ್ಲ.

ಮೊದಲಾಗಿದ್ದರೆ ಹಲ್ಲು ಕಚ್ಚಿ ಸುಮ್ಮನಿರುತ್ತಿದ್ದೆ.

"ರೀ, ಜಾಸ್ತಿ ಹಿಡಿದಿದ್ದೀರಿ. ನೋಯ್ತಿದೆ" ಅಂದೆ.

ಕಣ್ಣು ಬಿಟ್ಟರು. ಕೈ ನೋಡಿದರು. ಬೆರಳನ್ನು ಒಂದೊಂದಾಗಿ ಸಡಿಲಿಸಿ, "ಈಗ?" ಅಂದರು.

"ಇನ್ನೂ ಸ್ವಲ್ಪ."

"ಈಗ?"

"ಹಾಂ. ಸಾಕು."

ಕೈ ತೆಗೆಯಲಿಲ್ಲ. ರೈಲು ಹೋಯಿತು. ಗೇಟು ಏಳುತ್ತಿದೆ, ಹಿಂದಿನ ಲಾರಿಯವನು ಹಾರ್ನ್ ಬಡಿಯುತ್ತಿದ್ದಾನೆ, ಅಜ್ಜಿ "ನಡಿಯಮ್ಮ" ಅನ್ನುತ್ತಿದ್ದಾರೆ. ಗೇರ್ ಹಾಕಬೇಕು. ಮೊದಲನೇ ಹಳಿ ದಾಟಿದ ಮೇಲೆ ಉಳಿದದ್ದು ಬರೆಯುತ್ತೇನೆ.